ಬೀಗರು ಕೊಟ್ಟ ಶುಗರ್ ವಾಚು

ಅಜ್ಜಂಪುರದ ಕೊಬ್ಬರಿ ವ್ಯಾಪಾರಿಗಳಿಗೆ ದೇವರ ಭಯ ಇತ್ತೋ ಇಲ್ಲವೋ ಹೇಳಲಾರೆವು, ತೆಂಗಿನ ತೋಟದ ತಿಮ್ಮಪ್ಪನ ಭಯವಂತೂ ಇತ್ತು. ಮಾಲು ತೂಗಿಸಲು ಹೊರಟನೆಂದರೆ ತನ್ನ ಸ್ವಂತದ ಐದು ಕಿಲೋ ತೂಕದ ಕಲ್ಲನ್ನು ಟವೆಲಿನಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡೇ ಹೊರಡುತ್ತಿದ್ದ. ಮೊದಲು ಖಾಲಿ ಮಿಷನ್ನು ಸೊನ್ನೆ ತೋರಿಸಬೇಕು, ಆಮೇಲೆ ಅವನ ಕಲ್ಲಿಟ್ಟಾಗ ಸರಿಯಾಗಿ ಐದು ತೋರಿಸಬೇಕು, ಆಮೇಲೆಯೇ ಮೂಟೆ ಇಳಿಯಬೇಕು. ಇಷ್ಟಾದ ಮೇಲೂ ವ್ಯಾಪಾರಿಯ ಮೊಣಕಾಲು ಎಲ್ಲಾದರೂ ತಟ್ಟೆಗೆ ತಗುಲುತ್ತಿದೆಯೋ ಎಂದು ಬಗ್ಗಿ ನೋಡುತ್ತಿದ್ದ. "ಯಾವ ಮಿಷನ್ನೂ ತಾನಾಗೇ ನಿಜ ಹೇಳಲ್ಲ ಕಣ್ರೀ, ನಾವು ಹೇಳಿಸ್ಬೇಕು" ಎನ್ನುವುದು ಅವನ ಸಿದ್ಧಾಂತ. ಇಂಥ ಮನುಷ್ಯ ಎರಡು ಬೆರಳಗಲದ ಮಿಷನ್ನೊಂದರ ಕೈಯಲ್ಲಿ ಮೋಸಹೋದ. ಅದರಲ್ಲಿ ಮಿಷನ್ನಿನ ತಪ್ಪು ಸ್ವಲ್ಪ, ಒಬ್ಬಟ್ಟಿನ ತಪ್ಪು ಬಹಳ.

ತಿಮ್ಮಪ್ಪನಿಗೆ ಶುಗರ್ ಬಂದು ವರ್ಷಗಳೇ ಆಗಿದ್ದವು. ಅಂದಿನಿಂದ ಆ ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಎಂಬುದು ಅವನ ಹೆಂಡತಿ ಕಾಮಾಕ್ಷಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ಬೆಳಿಗ್ಗೆ ಮಾತ್ರೆ, ಮುದ್ದೆ, ಸೊಪ್ಪಿನ ಸಾರು. ಸಂಜೆ ಸೊಪ್ಪಿನ ಸಾರು, ಮುದ್ದೆ, ಮಾತ್ರೆ. ಮದುವೆಮನೆಯ ಪಂಕ್ತಿಯಲ್ಲಿ ಒಬ್ಬಟ್ಟಿನ ಬುಟ್ಟಿ ಅವನ ಎಲೆಯ ಹತ್ತಿರ ಬಂದೊಡನೆ ಹೆಂಗಸರ ಸಾಲಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಬಡಿಸುವವರಿಗೆಲ್ಲ ಆ ಕೆಮ್ಮಿನ ಗುರುತು ಚೆನ್ನಾಗಿತ್ತು. ಅವರು ಎಲೆ ದಾಟಿ ಮುಂದೆ ಹೋಗುತ್ತಿದ್ದರು, ತಿಮ್ಮಪ್ಪ ಬುಟ್ಟಿಯ ಬೆನ್ನನ್ನೇ ನೋಡುತ್ತ ಕೂರುತ್ತಿದ್ದ.

ಹೀಗಿರುವಾಗ ಮಗಳು ಹೇಮಶ್ರೀಗೆ ಹಿರೇನಲ್ಲೂರಿನ ಸಂಬಂಧ ಕೂಡಿಬಂತು. ಹುಡುಗ ಧರ್ಮೇಶ್, ಕಡೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಒಳ್ಳೆಯ ಹುಡುಗ, ಹೇಮಶ್ರೀಯ ಮನಸ್ಸಿಗೂ ಬಂದಿದ್ದ. ಕಷ್ಟವೆಲ್ಲ ಅವನ ತಂದೆ ಪುಟ್ಟಯ್ಯನವರದು. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಹಿಂದೆ ಗೊತ್ತಾಗಿದ್ದ ಒಂದು ಸಂಬಂಧವನ್ನು, ತಾವು ಕೊಟ್ಟ ಸೀರೆಯನ್ನು ಹೆಣ್ಣಿನ ಕಡೆಯವರು ಬೆಳಕಿಗೆ ಹಿಡಿದು ನೋಡಿದರೆಂಬ ಒಂದೇ ಕಾರಣಕ್ಕೆ ಮುರಿದು ಎದ್ದುಬಂದಿದ್ದರು. "ನಾವು ಕೊಟ್ಟಿದ್ದನ್ನ ಪರೀಕ್ಷೆ ಮಾಡೋರ ಮನೇಲಿ ನೀರೂ ಕುಡಿಯಲ್ಲ" ಎಂಬ ಅವರ ಮಾತು ಕಡೂರಿನಿಂದ ತರೀಕೆರೆಯ ತನಕ ಪ್ರಸಿದ್ಧವಾಗಿತ್ತು.

ನಿಶ್ಚಿತಾರ್ಥದ ದಿನ ಪುಟ್ಟಯ್ಯನವರು ತಟ್ಟೆಯಲ್ಲಿ ಎಲೆ ಅಡಿಕೆ, ಪಂಚೆ, ಜೊತೆಗೆ ಒಂದು ಕರಿ ಡಬ್ಬಿ ಇಟ್ಟು ಬೀಗರ ಕೈಗೆ ಕೊಟ್ಟರು. ಡಬ್ಬಿಯೊಳಗೆ ವಾಚು.

"ಸಾಮಾನ್ಯದ್ದಲ್ಲ ಬೀಗ್ರೇ. ಬಿಪಿ, ಹಾರ್ಟು, ನಿದ್ದೆ, ಶುಗರ್ರು, ಎಲ್ಲಾ ತೋರಿಸುತ್ತೆ. ಸೂಜಿ ಇಲ್ಲ, ರಕ್ತ ಇಲ್ಲ. ಹಿಂದುಗಡೆ ಹಸಿರು ದೀಪ ಹತ್ತುತ್ತೆ ನೋಡಿ, ಅದು ಚರ್ಮದೊಳಕ್ಕೆ ಹೋಗಿ ಎಲ್ಲಾ ನೋಡ್ಕಂಡು ಬಂದ್ಬಿಡುತ್ತೆ" ಎಂದರು ಪುಟ್ಟಯ್ಯನವರು, ದೀಪವನ್ನು ತಾವೇ ಹಚ್ಚಿದವರ ಹಾಗೆ.

ತಿಮ್ಮಪ್ಪ ಎಲ್ಲರೆದುರು ವಾಚು ಕಟ್ಟಿಕೊಂಡು ಗುಂಡಿ ಒತ್ತಿದ. ವಾಚು ಒಂದು ಕ್ಷಣ ಯೋಚನೆ ಮಾಡಿ ನೂರಾ ನಾಲ್ಕು ಎಂದಿತು.

"ಅಯ್ಯೋ, ಹೋದ್ ತಿಂಗ್ಳು ಆಸ್ಪತ್ರೇಲಿ ಇನ್ನೂರ್ ಮೂವತ್..." ಎಂದು ಕಾಮಾಕ್ಷಮ್ಮ ಬಾಯಿ ತೆರೆದಳು. ಪುಟ್ಟಯ್ಯನವರ ಹುಬ್ಬು ಮೇಲೆ ಹೋಯಿತು. ಕಾಮಾಕ್ಷಮ್ಮ ತೆರೆದ ಬಾಯನ್ನು ಹಾಗೆಯೇ ಮುಚ್ಚಿದಳು.

ಆ ಕ್ಷಣದಲ್ಲಿ ತಿಮ್ಮಪ್ಪನಿಗೆ ಜ್ಞಾನೋದಯವಾಯಿತು. ಈ ವಾಚು ಏನೇ ಹೇಳಲಿ, ಮದುವೆ ಮುಗಿಯುವ ತನಕ ಹೆಂಡತಿ ಇದನ್ನು ಸುಳ್ಳು ಎನ್ನುವ ಹಾಗಿಲ್ಲ! ಊಟಕ್ಕೆ ಕೂತಾಗ ಬಡಿಸುವವನನ್ನು ತಾನೇ ಕೂಗಿ ಕರೆದು ಎರಡು ಒಬ್ಬಟ್ಟು ಹಾಕಿಸಿಕೊಂಡ. ಕೆಮ್ಮು ಕೇಳಿಸಿತು. ತಿಮ್ಮಪ್ಪ ಕೈಯೆತ್ತಿ ವಾಚು ತೋರಿಸಿ, ಮೂರನೆಯದನ್ನು ಹಾಕಿಸಿಕೊಂಡು, ಅದರ ಮೇಲೆ ತುಪ್ಪ ಹೊಯ್ಯಿಸಿಕೊಂಡ.

ಊಟವಾದ ಮೇಲೆ ನೋಡಿದರೆ ವಾಚಿನಲ್ಲಿ ತೊಂಬತ್ತೊಂಬತ್ತು. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ತಿಮ್ಮಪ್ಪ ಅನುಮಾನ ಪಡುವ ಬದಲು ಸಂಶೋಧನೆಗಿಳಿದ. ತಿನ್ನುವ ಮುಂಚೆ ನೂರಾ ನಾಲ್ಕು, ತಿಂದ ಮೇಲೆ ತೊಂಬತ್ತೊಂಬತ್ತು, ಅಂದರೆ ಒಬ್ಬಟ್ಟಿನಿಂದ ಶುಗರ್ ಇಳಿಯುತ್ತದೆ. "ಇಷ್ಟು ವರ್ಷ ಔಷಧಿ ಕಣ್ಣೆದುರಿಗೇ ಇತ್ತು ಕಣೇ, ನೀನು ಮುಚ್ಚಿಟ್ಟೆ" ಎಂದು ಹೆಂಡತಿಯ ಮೇಲೆ ತಪ್ಪು ಹೊರಿಸಿದ. ಮಾರನೆಯ ದಿನದಿಂದ ಮಾತ್ರೆಗಳು ಅವನ ಹೊಟ್ಟೆಗೆ ಹೋಗದೆ ಹಿತ್ತಿಲ ತೆಂಗಿನ ಪಾತಿಗೆ ಹೋಗತೊಡಗಿದವು.

ಸುದ್ದಿ ಬೀದಿಗೆ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಬಂದದ್ದು ಎದುರು ಮನೆಯ ರುದ್ರಮೂರ್ತಿ. ಸರ್ಕಾರಿ ನೌಕರ, ಸಹಿ ಮಾಡುವ ಅಧಿಕಾರ ಇಲ್ಲದಿದ್ದರೂ ಆ ಗತ್ತು ಮಾತ್ರ ಪೂರ್ತಿ ಇದ್ದವನು. "ಏನಪ್ಪಾ ತಿಮ್ಮಪ್ಪ, ನಿನ್ ಯಂತ್ರ ನೌಕರದಾರರಿಗೂ ನೋಡುತ್ತೋ?" ಎಂದು ಕೈ ಚಾಚಿದ. ನೂರಾ ಒಂದು ಬಂತು. ಅವನ ಕಚೇರಿಯ ಜವಾನನಿಗೆ ತೊಂಬತ್ತೇಳು ಬಂತು. ತನಗಿಂತ ಜವಾನನ ಶುಗರ್ ಚೆನ್ನಾಗಿರುವುದು ರುದ್ರಮೂರ್ತಿಗೆ ಸಹಿಸಲಾಗಲಿಲ್ಲ. "ಇನ್ನೊಂದ್ಸಲ ನೋಡು, ನಾನು ಈಗ ತಾನೇ ಮೆಟ್ಲು ಹತ್ತಿ ಬಂದಿದ್ದೆ" ಎಂದು ಮತ್ತೆ ಕಟ್ಟಿಸಿಕೊಂಡು ತೊಂಬತ್ತಾರು ಬರುವ ತನಕ ಜಾಗ ಬಿಟ್ಟು ಏಳಲಿಲ್ಲ.

ಆಮೇಲೆ ತಿಮ್ಮಪ್ಪನ ಜಗುಲಿ ಮುಂಜಾನೆಯಿಂದಲೇ ತುಂಬತೊಡಗಿತು. ಬಸ್‌ಸ್ಟ್ಯಾಂಡಿನ ಹೋಟೆಲಿನವನು ಬಂದ, ಬುಕ್ಕಾಂಬುಧಿಯಿಂದ ಸಂತೆಗೆ ಬಂದವರು ಹೊರೆ ಇಳಿಸಿ ಬಂದರು. ಯಾರು ಬಂದರೂ ತೊಂಬತ್ತೈದಕ್ಕೆ ಕಡಿಮೆ ಇಲ್ಲ, ನೂರಾ ಹತ್ತಕ್ಕೆ ಜಾಸ್ತಿ ಇಲ್ಲ. ಅಜ್ಜಂಪುರ ತಾಲ್ಲೂಕಾದ ಮೇಲೆ ಊರಿಗೆ ಕಚೇರಿಗಳು ಬಂದಿದ್ದವು, ಬೋರ್ಡುಗಳು ಬಂದಿದ್ದವು. ಇಷ್ಟೊಂದು ಆರೋಗ್ಯ ಒಟ್ಟಿಗೆ ಬಂದದ್ದು ಇದೇ ಮೊದಲು. ತಿಮ್ಮಪ್ಪ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, "ನಾಲಿಗೆ ತೆಗಿ" ಎನ್ನುವುದನ್ನೂ ಅಭ್ಯಾಸ ಮಾಡಿಕೊಂಡ. ನಾಲಿಗೆಗೂ ವಾಚಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ತೆಗೆದರು.

ಹಿಂದಿನ ಮನೆಯ ಹುಚ್ಚಮ್ಮಜ್ಜಿಯೂ ಬಂದಳು. ಒಂಟಿ ಮುದುಕಿ. ಹೇಮಶ್ರೀ ಹುಟ್ಟಿದಾಗ ಬಾಣಂತನ ಮಾಡಿದವಳು, ಆ ಮನೆಗೆ ನೆಂಟರಿಗಿಂತ ಹೆಚ್ಚು. ಅವಳಿಗೂ ಬಹಳ ಕಾಲದಿಂದ ಶುಗರ್ರು. ವಾಚು ಅವಳ ಒಣಗಿದ ಕೈಗೆ ಸಡಿಲವಾಗಿ, ತಿಮ್ಮಪ್ಪ ಅದುಮಿ ಹಿಡಿದುಕೊಂಡ. ತೊಂಬತ್ತೆಂಟು.

"ಹಂಗಾರೆ ಮಾತ್ರೆ ಬ್ಯಾಡ್ವೇನಪ್ಪಾ?"

"ಬೇಡ ಬಿಡಜ್ಜಿ! ತೊಂಬತ್ತೆಂಟು ಅಂದ್ರೆ ಎಳೇ ಮಗು ಇದ್ದಂಗೆ ನೀನು."

"ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದು ಹುಚ್ಚಮ್ಮಜ್ಜಿ ಅವನ ತಲೆ ಸವರಿ, ನೆಟಿಗೆ ಮುರಿದು, ನೇರವಾಗಿ ಅಂಗಡಿಗೆ ಹೋಗಿ ಒಂದು ಅಚ್ಚು ಬೆಲ್ಲ ತಂದಳು. ಒಳಗೆ ನಿಂತು ಕಾಮಾಕ್ಷಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಗಂಡ ಹಾಳಾಗುವುದನ್ನು ಮದುವೆಯ ಸಲುವಾಗಿ ನುಂಗಿಕೊಂಡಿದ್ದಳು. ಊರು ಹಾಳಾಗುವುದನ್ನು ನುಂಗಿಕೊಳ್ಳುವುದು ಅವಳಿಂದಾಗಲಿಲ್ಲ.

ಮರುದಿನ ತಿಮ್ಮಪ್ಪ ಸ್ನಾನ ಮಾಡಿ ಬಂದಾಗ ವಾಚು ಗೂಟದಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಸುಲಿದ ತೆಂಗಿನಕಾಯಿಯೊಂದು ವಾಚು ಕಟ್ಟಿಕೊಂಡು ಕೂತಿತ್ತು.

"ನೋಡಿ ಬನ್ನಿ. ಕಾಯಿಗೆ ನೂರಾ ಎರಡಂತೆ. ನಿಮಗಿಂತ ಆರೋಗ್ಯವಾಗಿದೆ" ಎಂದಳು ಕಾಮಾಕ್ಷಮ್ಮ. "ಅದಕ್ಕೂ ಎರಡು ಒಬ್ಬಟ್ಟು ಹಾಕ್ಲಾ?"

ತಿಮ್ಮಪ್ಪ ವಾಚು ಬಿಚ್ಚಿ ಒನಕೆಗೆ ಕಟ್ಟಿದ. ನೂರಾ ಐದು. ಹಿತ್ತಾಳೆ ಚೊಂಬಿಗೆ ಕಟ್ಟಿದ. ತೊಂಬತ್ತೊಂಬತ್ತು. ನಡುಮನೆಯ ಕಂಬಕ್ಕೆ ಟವೆಲಿನಿಂದ ಬಿಗಿದು ನೋಡಿದ. ಅಜ್ಜನ ಕಾಲದ ಕಂಬಕ್ಕೆ ನೂರಾ ಮೂರು, ಬಿಪಿ ಸಹ ಚೆನ್ನಾಗಿತ್ತು. ಖಾಲಿ ಮಿಷನ್ನು ಸೊನ್ನೆ ತೋರಿಸದಿದ್ದರೆ ಮೂಟೆ ಇಳಿಸದ ಮನುಷ್ಯ ಕಂಬದ ಬುಡದಲ್ಲಿ ಕುಸಿದು ಕೂತ. ಇಡೀ ಊರನ್ನು ತಾನು ಇಂಥ ತಕ್ಕಡಿಯಲ್ಲಿ ತೂಗಿಬಿಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಇವತ್ತೇ ಜಗುಲೀಲಿ ನಿಂತು ಹೇಳ್ಬಿಡ್ತೀನಿ, ಇದು ಸುಳ್ಳು ವಾಚು ಅಂತ" ಎಂದು ಎದ್ದ.

ಬಾಗಿಲಲ್ಲಿ ಹೇಮಶ್ರೀ ನಿಂತಿದ್ದಳು. ಕಂಬ ವಾಚು ಕಟ್ಟಿಕೊಂಡಿರುವುದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಅವಳ ಮುಖ ಸಣ್ಣದಾಯಿತು. "ಅಪ್ಪಾ, ಮಾವನೋರಿಗೆ ಗೊತ್ತಾದ್ರೆ? ಸೀರೆ ಬೆಳಕಿಗೆ ಹಿಡಿದಿದ್ದಕ್ಕೇ ಅಷ್ಟು ಮಾಡಿದೋರು..." ಎಂದವಳ ಕಣ್ಣು ತುಂಬಿ ಬಂತು. ಮದುವೆಗೆ ಉಳಿದದ್ದು ಕೆಲವೇ ವಾರ. ತಿಮ್ಮಪ್ಪ ಎದ್ದ ಜಾಗದಲ್ಲೇ ಮತ್ತೆ ಕೂತ.

ಗಂಡ ಹೆಂಡತಿ ಆಲೋಚಿಸಿದರು. ವಾಚು ಸುಳ್ಳೆಂದರೆ ಮಗಳ ಮದುವೆ ನಿಲ್ಲುತ್ತದೆ. ನಿಜವೆಂದರೆ ಊರಿನವರು ಮಾತ್ರೆ ಬಿಟ್ಟು ಬೆಲ್ಲ ತಿನ್ನುತ್ತಾರೆ. ಕೊನೆಗೆ ತಿಮ್ಮಪ್ಪ ಒಂದು ದಾರಿ ಕಂಡುಹಿಡಿದ. ಎಲ್ಲ ದಡ್ಡ ದಾರಿಗಳ ಹಾಗೆ ಅದೂ ಮೊದಲಿಗೆ ಬಹಳ ಜಾಣತನದ್ದಾಗಿ ಕಂಡಿತು. ವಾಚು ಏನೇ ತೋರಿಸಲಿ, ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಾನು ಬಾಯಲ್ಲಿ ಬೇರೆಯೇ ಲೆಕ್ಕ ಹೇಳುವುದು. ಹೆದರಿದವರು ತಾವಾಗಿಯೇ ಆಸ್ಪತ್ರೆಗೆ ಹೋಗುತ್ತಾರೆ!

ಬೆಳಿಗ್ಗೆ ರುದ್ರಮೂರ್ತಿ ಎಂದಿನಂತೆ ಕೈ ಚಾಚಿದ. ತಿಮ್ಮಪ್ಪ ನೋಡಿ, ನಾಲಿಗೆ ಲೊಚಗುಟ್ಟಿ, "ಮುನ್ನೂರ ಹತ್ತು" ಎಂದ.

"ಏನಂದೆ?"

"ಮುನ್ನೂರ ಹತ್ತು. ಬೇಗ ಡಾಕ್ಟ್ರ ಹತ್ರ ಹೋಗಿ."

"ನಿನ್ನೆ ತೊಂಬತ್ತಾರಿತ್ತು ಕಣೋ! ಜವಾನನಿಗೆಷ್ಟು ಹೇಳು ಮೊದ್ಲು."

"ಅವನಿಗೂ ಮುನ್ನೂರು."

"ನನಗಿಂತ ಹತ್ತು ಕಡಿಮೆ!" ಎಂದು ರುದ್ರಮೂರ್ತಿ ಕೆಂಡವಾದ. ತಿಮ್ಮಪ್ಪ ಜವಾನನ ಕಡೆಯಿಂದ ಏನೋ ಈಸಿಕೊಂಡಿದ್ದಾನೆ ಎಂದು ಬೀದಿಯಲ್ಲಿ ಹೇಳಿಕೊಂಡು ಹೋದ. ಹೋಟೆಲಿನವನಿಗೆ ಇನ್ನೂರ ಎಂಬತ್ತು ಎಂದದ್ದಕ್ಕೆ, "ಹಳೇ ಬಾಕಿ ಕೇಳಿದೆ ಅಂತ ಹಿಂಗೆ ಸೇಡು ತೀರಿಸ್ಕಂತೀಯಾ?" ಎಂದು ಅವನು ಕೂಗಾಡಿದ. ಕಡಿಮೆ ಹೇಳಿದಾಗ ಒಬ್ಬರೂ ಅನುಮಾನಿಸದ ವಾಚನ್ನು ಜಾಸ್ತಿ ಹೇಳಿದ ದಿನವೇ ಊರೆಲ್ಲ ಅನುಮಾನಿಸಿತು. ಆಸ್ಪತ್ರೆಗೆ ಮಾತ್ರ ಒಬ್ಬರೂ ಹೋಗಲಿಲ್ಲ. ಹುಚ್ಚಮ್ಮಜ್ಜಿಗೆ ಹೇಳಿಕಳಿಸಿದರೆ, "ನಂದು ಒಂದ್ಸಲ ನೋಡಿದ್ದು ಸಾಕು, ಪದೇಪದೇ ನೋಡಿದ್ರೆ ದೃಷ್ಟಿಯಾಗುತ್ತೆ" ಎಂದು ಆಕೆ ಬರಲೇ ಇಲ್ಲ.

ಸಂಜೆಯೊಳಗೆ ಸುದ್ದಿ ಹಿರೇನಲ್ಲೂರು ಮುಟ್ಟಿತು. ಪುಟ್ಟಯ್ಯನವರ ಫೋನು ಬಂತು.

"ಬೀಗ್ರೇ, ನಾವು ಕೊಟ್ಟ ವಾಚು ಊರಿಗೆಲ್ಲಾ ಶುಗರ್ ಹಚ್ಚುತ್ತಾ ಇದೆಯಂತೆ?"

"ಇಲ್ಲ ಬೀಗ್ರೇ, ಯಾರೋ ಆಗದೋರು..."

"ನಾವು ಕೊಟ್ಟಿದ್ದು ಅನಿಷ್ಟ ಅಂತ ನಿಮ್ಮೂರಲ್ಲಿ ಮಾತಾಡ್ತಾವ್ರೆ. ಜವಳಿ ತಗೊಂಡು ಬತ್ತೀವಲ್ಲ, ಅವತ್ತು ನಮ್ಮ ಕಣ್ಣೆದುರಿಗೇ ಇತ್ಯರ್ಥ ಆಗ್ಲಿ" ಎಂದು ಫೋನಿಟ್ಟರು.

ತರೀಕೆರೆಯಲ್ಲಿ ಜವಳಿ ತೆಗೆದ ದಿನ ಅಲ್ಲಿಂದಲೇ ವ್ಯಾನು ತುಂಬ ಬೀಗರ ಕಡೆಯವರು ಬಂದಿಳಿದರು. ಹೊರಗೆ ಜಗುಲಿಯ ತುಂಬ ಊರಿನವರು. ರುದ್ರಮೂರ್ತಿ ರಜೆ ಹಾಕಿ ಬಂದಿದ್ದ. ಮೊದಲು ಊಟ, ಆಮೇಲೆ ಮಾತು ಎಂದಾಯಿತು. ಪುಟ್ಟಯ್ಯನವರು ನಾಲ್ಕು ಒಬ್ಬಟ್ಟು ತಿಂದು, ಶೀಕರಣೆ ಎರಡು ಬಾರಿ ಹಾಕಿಸಿಕೊಂಡು, ಮುಖ ಮಾತ್ರ ಬಿಗಿದುಕೊಂಡೇ ಕೈ ತೊಳೆದರು. ಅವರ ಮುಖವನ್ನೇ ನೋಡುತ್ತಿದ್ದ ಹೇಮಶ್ರೀ ಉಗುರು ಕಚ್ಚುತ್ತ ಬಾಗಿಲ ಮರೆಯಲ್ಲಿದ್ದಳು.

"ಈಗ ಹೇಳಿ ಬೀಗ್ರೇ. ವಾಚು ಸರಿಯಾಗಿದೆಯೋ ಇಲ್ವೋ?"

ಸರಿಯಾಗಿದೆ ಎಂಬ ಮಾತು ತಿಮ್ಮಪ್ಪನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಹುಚ್ಚಮ್ಮಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಕಾಲಿಗೆ ಬಟ್ಟೆ ಸುತ್ತಿತ್ತು, ತುಟಿ ಒಣಗಿತ್ತು. ಬಂದವಳು ಒಂದು ಚೊಂಬು ನೀರು ಕುಡಿದಳು, ಇನ್ನೊಂದು ಕೇಳಿದಳು.

"ಕಣ್ಣು ಮಂಜು ಮಂಜು ಕಣಪ್ಪಾ ತಿಮ್ಮಪ್ಪ. ಕಾಲ್ಗೊಂದು ಮುಳ್ಳು ಚುಚ್ಚಿತ್ತು, ಮಾಯ್ತಾನೇ ಇಲ್ಲ. ನೋಡು ಒಂದ್ಸಲ. ನೀನ್ ಹೇಳಿದ್ ಮೇಲೆ ನಾನು ಮಾತ್ರೆ ಮುಟ್ಟಿಲ್ಲ, ನಿನ್ನಾಣೆ" ಎಂದು ಕೈ ಚಾಚಿದಳು.

ತಿಮ್ಮಪ್ಪ ಆ ಕೈಯನ್ನು ನೋಡಿದ, ಬಾಗಿಲ ಮರೆಯ ಮಗಳನ್ನು ನೋಡಿದ. ಮಗಳನ್ನು ಎತ್ತಿ ಆಡಿಸಿದ ಮುದುಕಿಯನ್ನು ಕೊಂದು ಮಗಳ ಮದುವೆ ಮಾಡಬೇಕೇ ಎಂದುಕೊಂಡಾಗ ಅವನಿಗೆ ಅಳುವೇ ಬಂತು.

"ಇದು ಸುಳ್ಳು ವಾಚು ಕಣಜ್ಜಿ" ಎಂದ.

ತಿಮ್ಮಪ್ಪ ತಾಂಬೂಲದ ತಟ್ಟೆಯಿಂದ ಒಂದು ಕಾಯಿ ತೆಗೆದು, ಅದಕ್ಕೆ ವಾಚು ಬಿಗಿದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ನೂರಾ ಒಂದು. ಹೊರಗಿನಿಂದ ರುದ್ರಮೂರ್ತಿ, "ಹಂಗಾರೆ ನಂದು ಮುನ್ನೂರ ಹತ್ತು?" ಎಂದ. "ಅದೂ ಸುಳ್ಳು. ಆ ಸುಳ್ಳು ವಾಚಿಂದಲ್ಲ, ನಂದು" ಎಂದ ತಿಮ್ಮಪ್ಪ.

ಪುಟ್ಟಯ್ಯನವರು ಎದ್ದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ. ಹೆಂಗಸರಲ್ಲೊಬ್ಬರು "ಆಯ್ತು, ಹೋಯ್ತು ಸಂಬಂಧ" ಎಂದು ಪಿಸುಗುಟ್ಟಿದರು. ಕಾಮಾಕ್ಷಮ್ಮ ಕಣ್ಣು ಮುಚ್ಚಿಕೊಂಡಳು. ಪುಟ್ಟಯ್ಯನವರು ತಮ್ಮ ಉದ್ದ ತೋಳಿನ ಅಂಗಿಯ ಗುಂಡಿ ಬಿಚ್ಚಿ, ತೋಳು ಮೇಲಕ್ಕೇರಿಸಿದರು. ಒಳಗೆ ಅಂಥದೇ ಒಂದು ಕರಿ ವಾಚು.

"ಈಗ ಹೇಳ್ತೀರೇನ್ರೀ ಬೀಗ್ರೇ!" ಎಂದರು. "ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂದ್ರು ಅಂತ ಜೋಡಿ ತಂದಿದ್ದೆ. ನಿಶ್ಚಿತಾರ್ಥದಿಂದ ನಾನೂ ಶುಗರ್ ಮಾತ್ರೆ ಬಿಟ್ಟಿದ್ದೀನಲ್ರೀ! ಈಗ ನಾಲ್ಕು ಒಬ್ಬಟ್ಟು ಒಳಗೈತೆ!"

ಜೋಡಿಯಲ್ಲಿ ಕೊಂಡದ್ದು ಯಾವುದು, ಪುಕ್ಕಟೆ ಬಂದದ್ದು ಯಾವುದು ಎಂದು ಆ ಹೊತ್ತಿನಲ್ಲಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೇಳಬೇಕೆಂದು ಕಾಮಾಕ್ಷಮ್ಮನಿಗೆ ಮಾತ್ರ ಬಹಳ ಅನಿಸಿತು.

ಜವಳಿ ತಂದ ವ್ಯಾನಿನಲ್ಲೇ ಎಲ್ಲರೂ ತರೀಕೆರೆಗೆ ಹೊರಟರು. ಇಬ್ಬರು ಬೀಗರ ನಡುವೆ ಹುಚ್ಚಮ್ಮಜ್ಜಿ, ಅವಳ ತೊಡೆಯ ಮೇಲೆ ಧಾರೆ ಸೀರೆಯ ಪೊಟ್ಟಣ. ಸರ್ಕಾರಿ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಅಜ್ಜಿಗೆ ನಾನೂರ ಅರವತ್ತು, ಪುಟ್ಟಯ್ಯನವರಿಗೆ ನಾನೂರ ಹನ್ನೆರಡು. ಇಬ್ಬರನ್ನೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿ ಬಾಟಲಿ ಏರಿಸಿದರು.

ಮಲಗಿದಲ್ಲಿಂದಲೇ ಪುಟ್ಟಯ್ಯನವರು ಗತ್ತು ಕೂಡಿಸಿಕೊಂಡು, "ಬೀಗ್ರೇ, ಮದುವೆ ನಿಲ್ಸೋ ಮಾತಿಲ್ಲ. ಆದ್ರೆ ಒಂದು ಷರತ್ತು. ನನ್ನ ಕಣ್ಣಿಗೆ ಬೀಳೋ ಹಂಗೆ ಮದುವೆ ಮನೇಲಿ ಸಿಹಿ ಇರಕೂಡದು" ಎಂದರು.

"ಸಿಹಿ ಇರುತ್ತೆ ಬೀಗ್ರೇ. ಆ ಪಂಕ್ತೀಲಿ ನೀವು ಬೀಗರಿಬ್ರೂ ಇರಲ್ಲ" ಎಂದಳು ಕಾಮಾಕ್ಷಮ್ಮ. ಪುಟ್ಟಯ್ಯನವರ ಹೆಂಡತಿ ತಕ್ಷಣ ತಲೆಯಾಡಿಸಿದರು. ಎರಡು ಮನೆಗಳ ಸಂಬಂಧ ನಿಜವಾಗಿ ಗಟ್ಟಿಯಾದದ್ದು ಆಗಲೇ.

ಡಾಕ್ಟರು ಹುಚ್ಚಮ್ಮಜ್ಜಿಯ ಕಾಲಿನ ಬಟ್ಟೆ ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು. ಒಂದು ಬೆರಳು ತೆಗೆಯಬೇಕಾಗಬಹುದು ಎಂದರು. "ಅಜ್ಜಿ, ಮಾತ್ರೆ ನಿಲ್ಸು ಅಂತ ಹೇಳಿದ್ದು ಯಾವ ಡಾಕ್ಟರು?"

ನೆರೆಯವರನ್ನು ಸರ್ಕಾರಿ ಮನುಷ್ಯರಿಗೆ ಹಿಡಿದುಕೊಡುವ ಜಾಯಮಾನ ಹುಚ್ಚಮ್ಮಜ್ಜಿಯದಲ್ಲ. "ಯಾರೂ ಹೇಳ್ಲಿಲ್ಲ ಸ್ವಾಮಿ, ಮರ್ತೋಯ್ತು" ಎಂದಳು. ತಿಮ್ಮಪ್ಪ ಪುಟ್ಟಯ್ಯನವರ ಮುಖ ನೋಡಿದ. ಪುಟ್ಟಯ್ಯನವರು ಸೂರು ನೋಡಿದರು.

"ನಾನು ಸರ್" ಎಂದ ತಿಮ್ಮಪ್ಪ.

"ನೀವು ಡಾಕ್ಟರಾ?"

"ಅಲ್ಲ ಸರ್. ಹೆಣ್ಣಿನ ತಂದೆ."

ಡಾಕ್ಟರು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಬನ್ನಿ ಇಲ್ಲಿ. ಕೈ ಕೊಡಿ."

ತಿಮ್ಮಪ್ಪ ರೂಢಿಯ ಬಲದಿಂದ ಮಣಿಕಟ್ಟು ಮೇಲೆ ಮಾಡಿ ಚಾಚಿದ.

"ಅದಲ್ರೀ, ಬೆರಳು!"

ಸೂಜಿ ಚುಚ್ಚಿತು, ತಿಮ್ಮಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಮಿಷನ್ನು ಕುಯ್ ಎಂದಿತು. ಡಾಕ್ಟರು ಬರೆದುಕೊಂಡರು, ಕಾಮಾಕ್ಷಮ್ಮ ಬಗ್ಗಿ ನೋಡಿದಳು.

"ಎಷ್ಟೇ?" ಎಂದ, ಕಣ್ಣು ಮುಚ್ಚಿಕೊಂಡೇ.

"ಇರೋದು ಹೇಳ್ಲಾ? ನಿಮಗೆ ಬೇಕಾಗಿರೋದು ಹೇಳ್ಲಾ?" ಎಂದಳು ಕಾಮಾಕ್ಷಮ್ಮ.

ತಿಮ್ಮಪ್ಪ ಒಂದೇ ಕಣ್ಣು ತೆರೆದು ಮಿಷನ್ನಿನ ಕಡೆ ನೋಡಿದ.